ಮದ್ದು ಎಂಬ ಮಾತು

ನಮ್ಮ ಹಾಸನ ಸೀಮೆಯವರಿಗೆ ಧರ್ಮಸ್ಥಳದ ದಾರಿಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಯಾವ ಊರಿನವರೇ ಆಗಲಿ, ಹಾಸನಕ್ಕೆ ಬಂದು ಬಸ್ಸು ಹಿಡಿದು, ಸಕಲೇಶಪುರ ಕಳೆದು, ಶಿರಾಡಿ ಘಾಟಿಯನ್ನು ಇಳಿದು, ನೆಲ್ಯಾಡಿಯ ಆಚೆ ಪೆರಿಯಶಾಂತಿಯಲ್ಲಿ ಬಲಕ್ಕೆ ಹೊರಳಿದರೆ ಕೊಕ್ಕಡ ಸಿಗುತ್ತದೆ. ಶಾಲಾ ಪ್ರವಾಸದ ಬಸ್ಸಿನಲ್ಲಿ ನಿಮ್ಮಲ್ಲಿ ಅನೇಕರನ್ನು ನಾನೇ ಆ ದಾರಿಯಲ್ಲಿ ಕರೆದೊಯ್ದಿದ್ದೇನೆ. ಘಾಟಿಯ ತಿರುವುಗಳಲ್ಲಿ ವಾಂತಿ ಮಾಡಿಕೊಂಡು ಬಳಲಿದ್ದ ನೀವು ಕೊಕ್ಕಡ ಬರುವ ಹೊತ್ತಿಗೆ ಒಬ್ಬರ ಹೆಗಲ ಮೇಲೊಬ್ಬರು ಒರಗಿ ನಿದ್ದೆ ಹೋಗಿರುತ್ತಿದ್ದಿರಿ. ನಾನು ಮಾತ್ರ ಎಚ್ಚರವಾಗಿರುತ್ತಿದ್ದೆ. ಎಚ್ಚರವಾಗಿದ್ದೂ ಏನನ್ನೂ ಕಂಡಿರಲಿಲ್ಲ. ರಸ್ತೆಯಾಚೆಯ ಗುಡ್ಡಗಳಲ್ಲಿ ಗೇರು ಮರಗಳಿದ್ದವು, ಅಷ್ಟೇ.

ಈ ಮಾತು ಈಗೇಕೆ ಎಂದರೆ, ಚನ್ನರಾಯಪಟ್ಟಣದ ಕಡೆಯ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಸ್ವೀಡನ್ ದೇಶದಿಂದ ಒಂದು ಪತ್ರ ಬರೆದಿದ್ದಾನೆ. (ಹೆಸರು ಹಾಕಬೇಡಿ ಎಂದಿದ್ದಾನೆ, ಹಾಕುವುದಿಲ್ಲ.) ಅವನ ನೆರೆಮನೆಯವರು ಇರಾಕಿನಿಂದ ಬಂದು ನೆಲೆಸಿದ ಕುರ್ದ್ ಜನರಂತೆ. ಪ್ರತಿವರ್ಷ ಮಾರ್ಚ್ 16ರಂದು ಅವರ ಬಂಧುಬಳಗವೆಲ್ಲ ಒಂದೆಡೆ ಸೇರಿ ತಮ್ಮ ಊರಿನ ಸತ್ತವರನ್ನು ನೆನೆಯುವ ರೂಢಿಯಿದೆಯಂತೆ. ಈ ಸಲ ಇವನನ್ನೂ ಕರೆದರು. ಅಲ್ಲಿ ಒಬ್ಬ ವೃದ್ಧೆ, “ನಿಮ್ಮ ದೇಶದಲ್ಲಿ ಇಂಥದ್ದು ಆಗಿಲ್ಲವೇ?” ಎಂದು ಕೇಳಿದಳಂತೆ. ಇವನು ಭೋಪಾಲ ಎಂದ. ಭೋಪಾಲದ ಹೆಸರನ್ನು ಅವರು ಮೊದಲೇ ಕೇಳಿದ್ದರು. “ಸಾರ್, ನಮ್ಮ ಕನ್ನಡದ ಜನರ ನಡುವೆ ಹೀಗೇನಾದರೂ ಆಗಿದೆಯೇ? ನೀವು ವಿಜ್ಞಾನದ ಮೇಷ್ಟ್ರು, ನಿಮಗೆ ಗೊತ್ತಿರಬೇಕು” ಎಂದು ಪತ್ರ ಮುಗಿಸಿದ್ದಾನೆ. ಅವನಿಗೆ ಬರೆಯಲು ಕುಳಿತ ಉತ್ತರ ಉದ್ದವಾಯಿತು. ಎಲ್ಲರೂ ಓದಲಿ ಎಂದು ಇಲ್ಲಿಯೇ ಬರೆಯುತ್ತಿದ್ದೇನೆ.

ಮೊದಲು ಆ ನೆರೆಮನೆಯವರ ಊರಿನ ವಿಷಯ. ಊರಿನ ಹೆಸರು ಹಲಬ್ಜಾ. ಇರಾಕಿನ ಈಶಾನ್ಯದಲ್ಲಿ, ಇರಾನಿನ ಗಡಿಗೆ ಹತ್ತಿರದಲ್ಲಿರುವ ಪಟ್ಟಣ. 1988ರ ಮಾರ್ಚ್ 16ರಂದು ಸದ್ದಾಂ ಹುಸೇನನ ವಾಯುಪಡೆ ಆ ಊರಿನ ಮೇಲೆ ವಿಷಾನಿಲದ ಬಾಂಬುಗಳನ್ನು ಸುರಿಯಿತು. ಸಾಸಿವೆ ಅನಿಲ ಎಂದು ನಾವು ಕರೆಯುವ ಮಸ್ಟರ್ಡ್ ಗ್ಯಾಸ್, ಅದರೊಡನೆ ನರಮಂಡಲವನ್ನೇ ಕಟ್ಟಿಹಾಕುವ ಟಾಬುನ್, ಸಾರಿನ್ ಮುಂತಾದವು. ಸುಮಾರು 5,000 ಜನ ಸತ್ತರು, ಹೆಚ್ಚಿನವರು ಹೆಂಗಸರು ಮತ್ತು ಮಕ್ಕಳು. ಬಾಂಬು ಬಿದ್ದಾಗ ನೆಲಮಾಳಿಗೆಗೆ ಓಡುವುದು ಯುದ್ಧ ಕಂಡ ಜನರ ಅಭ್ಯಾಸ. ಆದರೆ ಈ ಅನಿಲಗಳು ಗಾಳಿಗಿಂತ ಭಾರ; ಅವು ತಗ್ಗನ್ನೇ ಹುಡುಕಿಕೊಂಡು ಇಳಿಯುತ್ತವೆ. ಯಾವುದನ್ನು ರಕ್ಷಣೆಯೆಂದು ನಂಬಿದ್ದರೋ ಅದೇ ನೆಲಮಾಳಿಗೆ ಅವರಿಗೆ ಗೋರಿಯಾಯಿತು. ಬದುಕುಳಿದವರಲ್ಲಿ ಅನೇಕರು ಹೇಳಿರುವ ಒಂದು ಸಂಗತಿಯುಂಟು: ಮೊದಲು ಸೇಬಿನ ಹಣ್ಣಿನ ವಾಸನೆ ಬಂತು ಎಂದು. ಇರಾನಿನತ್ತ ಓಡಿದ ಗದ್ದಲದಲ್ಲಿ ಹಸುಗೂಸುಗಳು ತಾಯಂದಿರಿಂದ ಬೇರೆಯಾದವು. ಹಾಗೆ ಬೇರೆಯಾಗಿ ಇರಾನಿನಲ್ಲಿ ಸಾಕುಮಗನಾಗಿ ಬೆಳೆದ ಒಬ್ಬನಿಗೆ 2009ರಲ್ಲಿ ಡಿಎನ್‌ಎ ಪರೀಕ್ಷೆಯ ಮೂಲಕ ಹೆತ್ತ ತಾಯಿ ಸಿಕ್ಕಿದಳು. ಉಳಿದವರ ಶ್ವಾಸಕೋಶ, ಕಣ್ಣು, ಚರ್ಮಗಳಲ್ಲಿ ಆ ದಿನ ದಶಕಗಳ ಕಾಲ ಉಳಿಯಿತು.

ಅಷ್ಟೆಲ್ಲ ಅನುಭವಿಸಿದವರ ಮಾತನ್ನು ಜಗತ್ತು ಕೂಡಲೇ ನಂಬಿತೇ? ಇಲ್ಲ. ಇರಾಕ್ ಆಗ ಪ್ರಬಲ ರಾಷ್ಟ್ರಗಳಿಗೆ ಬೇಕಾದ ದೇಶ. ಇರಾನೂ ಇದರಲ್ಲಿ ಭಾಗಿಯಾಗಿರಬಹುದು ಎಂದು ಅಮೆರಿಕದ ಅಧಿಕಾರಿಗಳೇ ಹೇಳಿದರು. ವಿಷವನ್ನು ತಯಾರಿಸಿದ ಇರಾಕಿನ ಸಂಸ್ಥೆಗೆ ಹೊರಜಗತ್ತಿಗೆಂದು ಇಟ್ಟ ಹೆಸರೇನು ಗೊತ್ತೇ? ಕೀಟನಾಶಕ ತಯಾರಿಕೆಯ ಸರ್ಕಾರಿ ಸಂಸ್ಥೆ! ಅದು ಪೂರ್ತಿ ಸುಳ್ಳೂ ಅಲ್ಲ, ರಸಾಯನಶಾಸ್ತ್ರದ ದೃಷ್ಟಿಯಿಂದ. 1936ರಲ್ಲಿ ಜರ್ಮನಿಯ ಗೆರ್ಹಾರ್ಡ್ ಶ್ರಾಡರ್ ಎಂಬ ವಿಜ್ಞಾನಿ ಬೆಳೆಗಳ ಹುಳುಗಳನ್ನು ಕೊಲ್ಲುವ ವಸ್ತುವನ್ನು ಹುಡುಕುತ್ತಿದ್ದಾಗಲೇ ಟಾಬುನ್ ಕೈಗೆ ಸಿಕ್ಕಿದ್ದು. ಹುಳುವಿನ ನರಕ್ಕೂ ಮನುಷ್ಯನ ನರಕ್ಕೂ ನಡುವಿನ ಅಂತರ ನಾವು ತಿಳಿದಷ್ಟು ದೊಡ್ಡದಲ್ಲ. ಹಲಬ್ಜಾದ್ದು ನರಮೇಧವೆಂದು ಇರಾಕಿನ ನ್ಯಾಯಮಂಡಳಿ ಅಂಗೀಕರಿಸಿದ್ದು 2010ರಲ್ಲಿ. ಆ ಕೃತ್ಯಕ್ಕಾಗಿ ಅಲಿ ಹಸನ್ ಅಲ್ ಮಜೀದನಿಗೆ ಗಲ್ಲಾದದ್ದೂ ಅದೇ ವರ್ಷ. ನಡುವೆ ಇಪ್ಪತ್ತೆರಡು ವರ್ಷಗಳು.

ಇನ್ನು ನಮ್ಮದು. ಮೊದಲೇ ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ. ನಾನು ಹೇಳಹೊರಟಿರುವುದು ಯುದ್ಧವಲ್ಲ. ಯಾರೂ ಯಾರನ್ನೂ ಕೊಲ್ಲಬೇಕೆಂದು ವಿಮಾನ ಏರಲಿಲ್ಲ. ಕೊಲ್ಲುವ ಉದ್ದೇಶವಿದ್ದ ಕೃತ್ಯವನ್ನೂ ಲಾಭದ ಉದ್ದೇಶವಿದ್ದ ಕೃತ್ಯವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಹಲಬ್ಜಾದ ಜನರಿಗೆ ಮಾಡುವ ಅನ್ಯಾಯ. ಆದರೆ ಆಕಾಶದಿಂದ ವಿಷ ಬಿದ್ದ ಮೇಲೆ, ಕೆಳಗೆ ಬದುಕುಳಿದವರ ಪಾಡು ಎರಡು ಕಡೆಯೂ ಒಂದೇ ಬಗೆಯಾಗಿದೆ ಎಂಬುದು ನನ್ನ ಅಭಿಪ್ರಾಯ. ತಮ್ಮ ದೇಹಕ್ಕೆ ಆದದ್ದು ನಿಜವೆಂದು ತಾವೇ ಸಾಬೀತು ಮಾಡಬೇಕಾದ ಪಾಡು.

ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿಯಲ್ಲಿ ಪಡ್ರೆ ಎಂಬ ಹಳ್ಳಿಯಿದೆ. ಅಲ್ಲಿಯೇ ಸ್ವರ್ಗ ಎಂಬ ಹೆಸರಿನ ಜಾಗವೂ ಇದೆ, ವಾಣೀನಗರವೂ ಇದೆ. ಕನ್ನಡ, ತುಳು ಮಾತನಾಡುವ ಜನ. ಪುತ್ತೂರಿನಿಂದ ಪಾಣಾಜೆಯ ಮಾರ್ಗವಾಗಿ ಹೋದರೆ ರಾಜ್ಯದ ಗಡಿ ದಾಟಿದ್ದೇ ಗೊತ್ತಾಗುವುದಿಲ್ಲ. ಗುಡ್ಡದ ನೆತ್ತಿಯ ಮೇಲೆ ಗೇರು ತೋಟ, ಗುಡ್ಡದ ಬುಡದಲ್ಲಿ ಅಡಿಕೆ ತೋಟ, ನಡುವೆ ಮನೆಗಳು. ನೆತ್ತಿಯ ಗೇರು ತೋಟಗಳು ಕೇರಳ ಸರ್ಕಾರದ ಪ್ಲಾಂಟೇಷನ್ ಕಾರ್ಪೊರೇಷನ್ನಿಗೆ ಸೇರಿದವು. ಜಿಲ್ಲೆಯಲ್ಲಿ ಒಟ್ಟು ಸುಮಾರು 4,700 ಹೆಕ್ಟೇರ್. ಗೇರು ಚಿಗುರಿ ಹೂ ಬಿಡುವ ಕಾಲಕ್ಕೆ ಟೀ ಸೊಳ್ಳೆ ಎಂಬ ಕೀಟ ಬಂದು ರಸ ಹೀರಿ ಹೂಗೊಂಚಲನ್ನೇ ಒಣಗಿಸುತ್ತದೆ. ಅದನ್ನು ಕೊಲ್ಲಲು 1970ರ ದಶಕದ ಉತ್ತರಾರ್ಧದಿಂದ 2000ದವರೆಗೆ, ವರ್ಷಕ್ಕೆ ಎರಡು ಮೂರು ಸಲ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಆರು ಕ್ಲೋರಿನ್ ಪರಮಾಣುಗಳನ್ನೂ ಒಂದು ಗಂಧಕದ ಪರಮಾಣುವನ್ನೂ ಹೊತ್ತ ಅಣು ಅದು. ನೀರಿನಲ್ಲಿ ಸುಲಭವಾಗಿ ಕರಗದು, ಕೊಬ್ಬಿನಲ್ಲಿ ಸೇರಿಕೊಳ್ಳುತ್ತದೆ. ಹುಳುವಿನ ನರಗಳನ್ನು ಹುಚ್ಚೆಬ್ಬಿಸಿ ಕೊಲ್ಲುವುದು ಅದರ ಕೆಲಸ.

ನನ್ನೊಡನೆ ಹಾಸನದಲ್ಲಿ ಕೆಲಸ ಮಾಡುತ್ತಿದ್ದ ಮೇಷ್ಟರೊಬ್ಬರ ಹುಟ್ಟೂರು ಪೆರ್ಲದ ಕಡೆ. 2003ರ ಬೇಸಿಗೆ ರಜೆಯಲ್ಲಿ ಅವರೊಡನೆ ಅಲ್ಲಿಗೆ ಹೋಗಿ ನಾಲ್ಕು ದಿನ ಇದ್ದೆ. ಆ ಸೀಮೆಯ ನೀರಿನ ವ್ಯವಸ್ಥೆ ನಮ್ಮ ಬಯಲುಸೀಮೆಯವರಿಗೆ ಒಂದು ವಿಸ್ಮಯ. ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಮನುಷ್ಯನೊಬ್ಬ ಬಗ್ಗಿ ನಡೆಯುವಷ್ಟು ಸುರಂಗ ಕೊರೆಯುತ್ತಾರೆ. ಒಳಗಿನಿಂದ ನೀರು ತಾನಾಗಿ ಜಿನುಗಿ ಹರಿದು ಬರುತ್ತದೆ, ಪಂಪು ಬೇಡ, ಹಗ್ಗ ಬೇಡ. ಆ ಮೇಷ್ಟರ ತಾಯಿ, ಎಂಬತ್ತು ದಾಟಿದ ಹಿರಿಯರು, ಹೆಲಿಕಾಪ್ಟರ್ ಬರುವ ದಿನಗಳ ವಿಷಯ ಹೇಳಿದರು. ಬಾವಿಗಳನ್ನು ಮುಚ್ಚಿಡಿ ಎಂದು ಮುಂಚಿತವಾಗಿ ಸೂಚನೆ ಬರುತ್ತಿತ್ತಂತೆ. “ಬಾವಿಗಾದರೆ ಸೋಗೆ ಮುಚ್ಚಬಹುದು ಮಾಷ್ಟ್ರೇ, ಸುರಂಗಕ್ಕೆ ಎಂತ ಮುಚ್ಚುವುದು? ಗುಡ್ಡಕ್ಕೇ ಮುಚ್ಚಬೇಕಷ್ಟೆ” ಎಂದರು. ಸೂಚನೆಯನ್ನು ಬರೆದವರು ಸುರಂಗವನ್ನು ಕಂಡಿರಲಿಲ್ಲ. ನೆತ್ತಿಗೆ ಬಿದ್ದದ್ದು ಮಳೆಯೊಡನೆ ಇಳಿದು ಬುಡಕ್ಕೇ ಬರಬೇಕು ಎಂಬುದು ಆ ಹಿರಿಯರಿಗೆ ಶಾಲೆಗೆ ಹೋಗದೆಯೇ ತಿಳಿದಿತ್ತು.

ಹೆಲಿಕಾಪ್ಟರಿನ ಸದ್ದು ಕೇಳಿದೊಡನೆ ಶಾಲೆಯ ಮಕ್ಕಳೆಲ್ಲ ಹೊರಗೆ ಓಡಿ ಬಂದು ತಲೆಯೆತ್ತಿ ನೋಡುತ್ತಿದ್ದರು ಎಂಬ ಮಾತನ್ನು ಆ ಸೀಮೆಯಲ್ಲಿ ಅನೇಕರು ಹೇಳುತ್ತಾರೆ. ಇದನ್ನು ಕೇಳಿದಾಗ ನನಗೆ ಬಹಳ ಸಂಕಟವಾಯಿತು. ಹೆಲಿಕಾಪ್ಟರ್ ಬಂದರೆ ನಮ್ಮ ಶಾಲೆಯ ಮಕ್ಕಳನ್ನು ನಾನೇ ಹೊರಗೆ ಕರೆದು ತೋರಿಸುತ್ತಿದ್ದೆನಲ್ಲವೇ! ಬಿಳಿಯ ಮಂಜು ಇಳಿಯುತ್ತಿತ್ತು. ಅಂಗಳದ ಮೇಲೆ, ಒಣಗಲು ಹಾಕಿದ ಬಟ್ಟೆಯ ಮೇಲೆ, ಹುಲ್ಲಿನ ಮೇಲೆ. ಹಳ್ಳದ ಮೀನುಗಳು ತೇಲಿದವು. ಕಪ್ಪೆಗಳ ಸದ್ದು ನಿಂತಿತು. ಜೇನುಪೆಟ್ಟಿಗೆಗಳು ಬರಿದಾದವು. ಆಮೇಲೆ ಕರುಗಳು ಅಂಗವಿಕಾರದಿಂದ ಹುಟ್ಟಿದವು. ಆಮೇಲೆ ಮಕ್ಕಳು.

‘ಆಮೇಲೆ’ ಎಂಬ ಒಂದು ಪದದಲ್ಲಿ ಇಪ್ಪತ್ತು ವರ್ಷಗಳಿವೆ. ಹಲಬ್ಜಾದಲ್ಲಿ ಒಂದೇ ಮಧ್ಯಾಹ್ನ ಆದದ್ದು ಇಲ್ಲಿ ನಿಧಾನವಾಗಿ, ಒಂದೊಂದು ಮನೆಯಲ್ಲಿ ಒಂದೊಂದು ವರ್ಷ ಆಯಿತು. ಹಾಗಾಗಿ ನೋಡುವವರಿಗೆ ಅದು ಒಂದೊಂದು ಮನೆಯ ದುರದೃಷ್ಟದಂತೆ ಕಂಡಿತು. ತಲೆ ದೊಡ್ಡದಾದ ಮಗು, ಕತ್ತು ನಿಲ್ಲದ ಮಗು, ಅಪಸ್ಮಾರ ಬರುವ ಮಗು, ಇಪ್ಪತ್ತು ವರ್ಷವಾದರೂ ಎತ್ತಿಕೊಳ್ಳಬೇಕಾದ ಮಗ. ನಾಗದೋಷ ಎಂದರು, ದೈವದ ಮುನಿಸು ಎಂದರು, ರಕ್ತಸಂಬಂಧದಲ್ಲಿ ಮದುವೆಯಾದದ್ದರ ಫಲ ಎಂದರು. ತಾಯಂದಿರು ಹರಕೆ ಹೊತ್ತರು. ಮಗುವನ್ನು ಬಿಟ್ಟು ಒಂದು ಮದುವೆಮನೆಗೂ ಹೋಗಲಾಗದೆ ಮನೆಯೊಳಗೇ ಮುದುಕಿಯರಾದರು. ತನ್ನ ಕಾಲಾನಂತರ ಈ ಮಗುವಿಗೆ ಯಾರು ಎಂಬ ಪ್ರಶ್ನೆಯನ್ನು ಆ ಊರಿನ ತಾಯಂದಿರು ಕೇಳಿದಂತೆ ಬೇರೆಲ್ಲಿಯೂ ನಾನು ಕೇಳಿಲ್ಲ.

ಇವೆಲ್ಲ ಬಿಡಿಬಿಡಿ ದುರದೃಷ್ಟಗಳಲ್ಲ, ಒಂದೇ ಕಥೆಯ ಪುಟಗಳು ಎಂದು ಮೊದಲು ಕಂಡವರು ದೊಡ್ಡ ಸಂಸ್ಥೆಗಳಲ್ಲ. ಅದೇ ಊರಿನ ಶ್ರೀ ಪಡ್ರೆಯವರು, ಅಡಿಕೆ ಪತ್ರಿಕೆಯ ಮೂಲಕ ನಮ್ಮ ರೈತರಿಗೆಲ್ಲ ಪರಿಚಿತರು, ಕರುಗಳ ಅಂಗವಿಕಾರವನ್ನು ಕಂಡು 1981ರಲ್ಲಿಯೇ ಇಂಗ್ಲಿಷ್ ವಾರಪತ್ರಿಕೆಯೊಂದರಲ್ಲಿ ಬರೆದರು. ಗೇರುಬೀಜಕ್ಕಿಂತ ಜೀವ ಅಗ್ಗವಾಯಿತೇ ಎಂಬ ಅರ್ಥದ ತಲೆಬರಹ ಅದಕ್ಕೆ. ವಾಣೀನಗರದಲ್ಲಿ 1980ರ ದಶಕದ ಆರಂಭದಿಂದ ವೈದ್ಯವೃತ್ತಿ ಮಾಡಿಕೊಂಡಿದ್ದ ಡಾ. ವೈ.ಎಸ್. ಮೋಹನ ಕುಮಾರರು, ಇಷ್ಟು ಸಣ್ಣ ಊರಿನಲ್ಲಿ ಇಷ್ಟು ಬಗೆಯ ವಿಚಿತ್ರ ಕಾಯಿಲೆಗಳೇಕೆ ಎಂದು ಕೇಳತೊಡಗಿದರು. ಜಿಲ್ಲೆಯ ದಕ್ಷಿಣದ ಪುಲ್ಲೂರು-ಪೆರಿಯದಲ್ಲಿ ಲೀಲಾಕುಮಾರಿ ಅಮ್ಮ ಎಂಬವರು, ಕೃಷಿ ಇಲಾಖೆಯಲ್ಲಿಯೇ ನೌಕರಿಯಲ್ಲಿದ್ದವರು, 1998ರಲ್ಲಿ ಹೊಸದುರ್ಗದ ಮುನ್ಸಿಫ್ ನ್ಯಾಯಾಲಯಕ್ಕೆ ಹೋಗಿ ವೈಮಾನಿಕ ಸಿಂಪಡಣೆಗೆ ತಡೆ ತಂದರು. ಸರ್ಕಾರಿ ನೌಕರಿಯಲ್ಲಿದ್ದುಕೊಂಡು ಸರ್ಕಾರಿ ನಿಗಮದ ವಿರುದ್ಧ ದಾವೆ ಹೂಡುವುದೆಂದರೇನೆಂದು ನೌಕರಿ ಮಾಡಿದ ನನಗೆ ಗೊತ್ತು, ನನ್ನಿಂದ ಆಗುತ್ತಿರಲಿಲ್ಲ. 2000ದ ಡಿಸೆಂಬರಿನಲ್ಲಿ ಕೊನೆಯ ಸಲ ಹೆಲಿಕಾಪ್ಟರ್ ಹಾರಿತು.

ನಿಂತ ಮೇಲೆ ಸಮಿತಿಗಳು ಬಂದವು. 2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದವರು ಪಡ್ರೆಯ ನೀರು, ಮಣ್ಣು, ಹಾಲು, ಜನರ ರಕ್ತದಲ್ಲಿ ಎಂಡೋಸಲ್ಫಾನ್ ಇದೆಯೆಂದರು. ನಿಗಮ ಮಾಡಿಸಿದ ಪರೀಕ್ಷೆ ಅದನ್ನು ಒಪ್ಪಲಿಲ್ಲ. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಬಂದು ಮಾಡಿದ ಅಧ್ಯಯನವನ್ನು ಮಾತ್ರ ನಾನು ಮೇಷ್ಟರ ಕಣ್ಣಿನಿಂದ ಎರಡೆರಡು ಬಾರಿ ಓದಿದೆ. ಅವರು ನೋಡಿದ್ದು ಶಾಲೆಯ ಮಕ್ಕಳನ್ನು. ಪಡ್ರೆಯ 117 ಬಾಲಕರನ್ನು, ಸಿಂಪಡಣೆಯಿಲ್ಲದ ಇನ್ನೊಂದು ಹಳ್ಳಿಯ 90 ಬಾಲಕರೊಡನೆ ಹೋಲಿಸಿದರು. ಸಿಂಪಡಣೆ ನಿಂತು ತಿಂಗಳುಗಳೇ ಕಳೆದಿದ್ದರೂ ಪಡ್ರೆಯ ಬಾಲಕರ ರಕ್ತದಲ್ಲಿ ಆ ವಿಷದ ಅಂಶ ಸರಾಸರಿಯಲ್ಲಿ ಐದು ಪಟ್ಟು ಹೆಚ್ಚಿತ್ತು. ಪ್ರಾಯಕ್ಕೆ ಬರುವುದು ತಡವಾಗುತ್ತಿತ್ತು. 2003ರಲ್ಲಿ ಅದು ಅಂತಾರಾಷ್ಟ್ರೀಯ ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟವಾಯಿತು. ನಮ್ಮ ಹಾಜರಿ ಪುಸ್ತಕದಂತೆಯೇ ಹುಡುಗರ ಸಾಲು ಸಾಲು. ಅವರ ಮೇಷ್ಟರು ಆ ಸಾಲುಗಳನ್ನು ಪ್ರತಿದಿನ ಓದುತ್ತಿದ್ದರಲ್ಲ, ಅವರಿಗೆ ಯಾರಾದರೂ ಮೊದಲೇ ಕೇಳಬಹುದಿತ್ತಲ್ಲ ಎನಿಸಿತು.

ಎಲ್ಲ ವಿಜ್ಞಾನಿಗಳೂ ಇದನ್ನು ಒಪ್ಪಿದ್ದಾರೆಂದು ನಾನು ಹೇಳಲಾರೆ. ಕಾಸರಗೋಡಿನ ಪ್ರತಿಯೊಂದು ಕಾಯಿಲೆಗೂ ಎಂಡೋಸಲ್ಫಾನೇ ಕಾರಣವೆಂದು ಸಿದ್ಧವಾಗಿಲ್ಲ, ಸಂತ್ರಸ್ತರ ಪಟ್ಟಿಯಲ್ಲಿ ಸಂಬಂಧವಿಲ್ಲದವರೂ ಸೇರಿದ್ದಾರೆ ಎಂದು ವಾದಿಸುವ ಕೃಷಿ ವಿಜ್ಞಾನಿಗಳಿದ್ದಾರೆ. ಅವರನ್ನು ಕಂಪನಿಯ ಏಜೆಂಟರೆಂದು ಜರೆಯುವುದು ನನಗೆ ಸರಿ ಕಾಣುವುದಿಲ್ಲ. ಒಂದು ಕಾಯಿಲೆಗೆ ಹತ್ತು ಕಾರಣಗಳಿರಬಹುದು, ನಿಜ. ಆದರೆ ನನ್ನ ಪ್ರಶ್ನೆ ಬೇರೆ. ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಜನವಸತಿಯ ಮೇಲೆ ವಿಷ ಸುರಿದಾಗ, ಮೊದಲ ವರ್ಷದಿಂದಲೇ ಕೆಳಗಿನವರ ರಕ್ತ, ನೀರು, ಹೆರಿಗೆಗಳ ಲೆಕ್ಕ ಇಡಬೇಕಾದವರು ಯಾರು? ಸುರಿದವರಲ್ಲವೇ? ಅವರು ಲೆಕ್ಕ ಇಡಲಿಲ್ಲ. ಆ ಲೆಕ್ಕ ಇಲ್ಲದಿರುವುದನ್ನೇ ಈಗ ಸಂತ್ರಸ್ತರ ವಿರುದ್ಧ ಸಾಕ್ಷ್ಯವಾಗಿ ಮುಂದಿಡುತ್ತಾರೆ. ಪರೀಕ್ಷೆಯ ಕೊಠಡಿಯಲ್ಲಿ ಮೇಲ್ವಿಚಾರಕನೇ ಉತ್ತರ ಪತ್ರಿಕೆಗಳನ್ನು ಕಳೆದುಹಾಕಿ, ನೀನು ಬರೆದಿದ್ದೀಯೆಂಬುದಕ್ಕೆ ಪುರಾವೆ ತಾ ಎಂದು ಹುಡುಗನನ್ನು ಕೇಳಿದಂತಾಯಿತು. ವಿಷ ಸುರಿದವನೇ ತಾನು ಸುರಿದದ್ದು ಅಪಾಯವಲ್ಲವೆಂದು ಸಾಬೀತು ಮಾಡಲಿ. ಉಸಿರಾಡಿದವನ ಮೇಲೆ ಆ ಹೊರೆಯನ್ನು ಹೊರಿಸಬಾರದು. ಈ ಬರಹದಲ್ಲಿ ನನ್ನ ಅಭಿಪ್ರಾಯವೆಂಬುದು ಇಷ್ಟೇ.

ಈಗ ತಲೆಬರಹದ ಮಾತಿಗೆ ಬರುತ್ತೇನೆ. ಬೆಳೆಗೆ ವಿಷ ಸಿಂಪಡಿಸುವುದನ್ನು ನಮ್ಮ ಕಡೆ ‘ಔಷಧಿ ಹೊಡೆಯುವುದು’ ಎನ್ನುತ್ತೇವೆ. ಕರಾವಳಿಯವರು ‘ಮದ್ದು ಬಿಡುವುದು’ ಎನ್ನುತ್ತಾರೆ. ಕನ್ನಡದಲ್ಲಿ ಮದ್ದು ಎಂದರೆ ವೈದ್ಯ ಕೊಡುವುದೂ ಹೌದು, ಕೋವಿಗೆ ತುಂಬುವುದೂ ಹೌದು, ಆಗದವರು ಅನ್ನದಲ್ಲಿ ಬೆರೆಸಿ ಹಾಕುವರೆಂದು ನಮ್ಮ ಅಜ್ಜಿಯರು ಹೆದರುತ್ತಿದ್ದುದೂ ಹೌದು. ಪೂರ್ವಜರು ಮೂರನ್ನೂ ಒಂದೇ ಪದದಲ್ಲಿ ಇಟ್ಟದ್ದರಲ್ಲಿ ಎಚ್ಚರಿಕೆಯಿತ್ತೋ ಏನೋ. ನಾವು ಮಾತ್ರ ಮೊದಲನೆಯ ಅರ್ಥವನ್ನೇ ಹಿಡಿದುಕೊಂಡೆವು. ಮೇಲಿನಿಂದ ಬೀಳುತ್ತಿರುವುದು ಔಷಧಿ ಎಂದ ಮೇಲೆ, ಅದರಿಂದ ಕಾಯಿಲೆಯಾಯಿತು ಎನ್ನುವವನ ಮಾತು ಮೊದಲೇ ಅರ್ಧ ಸುಳ್ಳಾಗುತ್ತದೆ.

ಇದನ್ನು ನಾನು ಹೊರಗಿನವನಾಗಿ ಹೇಳುತ್ತಿಲ್ಲ. ಹಲಬ್ಜಾದ ಸುದ್ದಿ ಬಂದ 1988ರಲ್ಲಿ ನಾನು ಅರಕಲಗೂಡು ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿದ್ದೆ. ಪತ್ರಿಕೆಯಲ್ಲಿ ಬಂದ, ಮಗುವನ್ನು ತಬ್ಬಿಕೊಂಡೇ ಸತ್ತು ಬಿದ್ದಿದ್ದ ತಂದೆಯ ಚಿತ್ರವನ್ನು ಕತ್ತರಿಸಿ ತರಗತಿಗೆ ತಂದು ತೋರಿಸಿ, ವಿಜ್ಞಾನದ ದುರ್ಬಳಕೆ ಎಂಬ ವಿಷಯವಾಗಿ ಆವೇಶದಿಂದ ಮಾತನಾಡಿದ್ದೆ. ಅದೇ ವರ್ಷದ ಮಳೆಗಾಲ, ಆಲೂಗಡ್ಡೆಗೆ ಔಷಧಿ ಹೊಡೆಯುವ ಸಮಯ. ಒಂಬತ್ತನೆಯ ತರಗತಿಯ ಹುಡುಗನೊಬ್ಬ ಎರಡು ದಿನ ಬರಲಿಲ್ಲ. ಮೂರನೆಯ ದಿನ ಬಂದವನು ಕಣ್ಣು ಕೆಂಪಗೆ ಮಾಡಿಕೊಂಡು ನಿಂತಿದ್ದ. ಅಪ್ಪನ ಜೊತೆ ಔಷಧಿ ಹೊಡೆದೆ, ತಲೆ ತಿರುಗಿತು, ವಾಂತಿಯಾಯಿತು, ಕೈ ನಡುಗುತ್ತದೆ, ಬರೆಯಲಾಗುವುದಿಲ್ಲ ಎಂದ. ನಾನು ನಂಬಲಿಲ್ಲ. “ಹೊಲದಲ್ಲಿ ಎಲ್ಲರೂ ಹೊಡೆಯುತ್ತಾರೆ, ನಿನಗೊಬ್ಬನಿಗೇ ಆಯಿತೇನೋ?” ಎಂದು ಬೆಂಚಿನ ಮೇಲೆ ನಿಲ್ಲಿಸಿದೆ. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಎರಡು ಗೈರುಹಾಜರಿ. ಕಾರಣದ ಕಡೆ ‘ನೆಪ’ ಎಂದು ನನ್ನ ಕೈಯಾರೆ ಬರೆದೆ. ಬಾಟಲಿಯ ಮೇಲೆ ಯಾವ ಹೆಸರಿತ್ತು, ಯಾವ ಬಣ್ಣದ ತ್ರಿಕೋನವಿತ್ತು ಎಂದು ಕೇಳಲಿಲ್ಲ. ಕೆಂಪು ಅತಿ ಹೆಚ್ಚಿನ ವಿಷ, ಹಳದಿ ಅದರ ನಂತರದ್ದು, ಆಮೇಲೆ ನೀಲಿ, ಕೊನೆಗೆ ಹಸಿರು. 1971ರ ನಿಯಮಗಳಂತೆ ಪ್ರತಿ ಡಬ್ಬದ ಮೇಲೂ ಅದು ಇರಲೇಬೇಕು. ವಿಜ್ಞಾನದ ಮೇಷ್ಟರಾದ ನನಗೆ ಆ ತ್ರಿಕೋನಗಳ ಅರ್ಥ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಎಂಡೋಸಲ್ಫಾನ್ ಹಳದಿಯ ಗುಂಪಿನದು.

ಸಾವಿರಾರು ಮೈಲಿ ದೂರದ ಫೋಟೋವನ್ನು ನಂಬಿದ ನಾನು ಎದುರಿಗೆ ನಿಂತ ಹುಡುಗನ ನಡುಗುವ ಕೈಯನ್ನು ನಂಬಲಿಲ್ಲ. ಆದ್ದರಿಂದ ಕಾಸರಗೋಡಿನ ಅಧಿಕಾರಿಗಳನ್ನು ಬೈಯಲು ನನಗೆ ಪೂರ್ತಿ ಧೈರ್ಯ ಬರುವುದಿಲ್ಲ. ಆದರೂ ಅಂಕಿಅಂಶಗಳನ್ನು ಹೇಳಲೇಬೇಕು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2010ರ ಕೊನೆಯಲ್ಲಿ, ಸತ್ತವರ ಕುಟುಂಬಕ್ಕೂ ಹಾಸಿಗೆ ಹಿಡಿದವರಿಗೂ 5 ಲಕ್ಷ ರೂಪಾಯಿ, ಇತರ ಅಂಗವೈಕಲ್ಯಕ್ಕೆ 3 ಲಕ್ಷ ಕೊಡಬೇಕೆಂದಿತು. 2011ರ ಏಪ್ರಿಲಿನಲ್ಲಿ ಜಿನೀವಾದಲ್ಲಿ ಜಗತ್ತಿನ ರಾಷ್ಟ್ರಗಳು ಎಂಡೋಸಲ್ಫಾನನ್ನು ನಿಲ್ಲಿಸಬೇಕಾದ ವಿಷಗಳ ಪಟ್ಟಿಗೆ ಸೇರಿಸಿದವು. ಕೊನೆಯವರೆಗೆ ವಿರೋಧಿಸಿದವರಲ್ಲಿ ಭಾರತ ಪ್ರಮುಖ, ಏಕೆಂದರೆ ಅದರ ದೊಡ್ಡ ತಯಾರಕರು ನಾವೇ. ಮೇ ತಿಂಗಳಿನಲ್ಲಿ ಸರ್ವೋಚ್ಚ ನ್ಯಾಯಾಲಯ ದೇಶದಲ್ಲೆಲ್ಲ ತಯಾರಿಕೆ, ಮಾರಾಟಗಳನ್ನು ತಡೆಯಿತು. 2017ರ ಜನವರಿಯಲ್ಲಿ ಅದೇ ನ್ಯಾಯಾಲಯ, ಮೂರು ತಿಂಗಳೊಳಗೆ ಸಂತ್ರಸ್ತರಿಗೆ 5 ಲಕ್ಷ ಕೊಡಿ ಎಂದು ಕೇರಳ ಸರ್ಕಾರಕ್ಕೆ ಆಜ್ಞೆ ಮಾಡಿತು. ಐದು ವರ್ಷ ಕಳೆದು 2022ರ ಮೇ ತಿಂಗಳಿನಲ್ಲಿ ನೋಡಿದರೆ 3,704 ಸಂತ್ರಸ್ತರಲ್ಲಿ ಹಣ ಸಿಕ್ಕಿದ್ದು ಎಂಟು ಜನರಿಗೆ, ಅದೂ ನ್ಯಾಯಾಲಯದ ಮೆಟ್ಟಿಲು ಹತ್ತಿದವರಿಗೆ ಮಾತ್ರ. ನ್ಯಾಯಾಲಯ ಗದರಿಸಿದ ಮೇಲೆ ಉಳಿದವರಿಗೆ ಹಂಚಿಕೆ ಆರಂಭವಾಯಿತು.

ಕೇರಳವೆಂದು ನಾವು ಕೈ ತೊಳೆದುಕೊಳ್ಳುವ ಹಾಗೂ ಇಲ್ಲ. ಬರಹದ ಮೊದಲಿಗೆ ಹೇಳಿದ ಕೊಕ್ಕಡದ ಗುಡ್ಡಗಳ ಮೇಲೆ, ಅದರ ಸುತ್ತಿನ ಪಟ್ರಮೆ, ನಿಡ್ಲೆಗಳ ಕಡೆ, ಹೆಲಿಕಾಪ್ಟರಿನಿಂದ ಅದೇ ವಿಷ ಬಿದ್ದಿತ್ತು. ಅಲ್ಲಿನ ತೋಟಗಳು ನಮ್ಮದೇ ಕರ್ನಾಟಕದ ಗೇರು ಅಭಿವೃದ್ಧಿ ನಿಗಮದವು. ನಮ್ಮ ಸರ್ಕಾರ ನಿಷೇಧದ ಆದೇಶ ಹೊರಡಿಸಿದ್ದು 2011ರ ಫೆಬ್ರವರಿಯಲ್ಲಿ. ಆಮೇಲೆ ಉಚ್ಚ ನ್ಯಾಯಾಲಯದ ಕಣ್ಗಾವಲಿನಲ್ಲಿ ಮಾಸಾಶನ, ಕೊಕ್ಕಡದಲ್ಲಿಯೂ ಆಲಂಕಾರಿನಲ್ಲಿಯೂ ಮಕ್ಕಳ ಹಗಲು ಪಾಲನಾ ಕೇಂದ್ರಗಳು ಬಂದವು. ಮಾಸಾಶನಕ್ಕೆ ವೈಕಲ್ಯವನ್ನು ಶೇಕಡಾವಾರು ಅಳೆಯುತ್ತಾರೆ. ಮೂವತ್ತೈದಕ್ಕೆ ಪಾಸು ಮಾಡಿಸುತ್ತಿದ್ದ ನಮಗೆ ಶೇಕಡಾವಾರು ಹೊಸದಲ್ಲ, ಆದರೆ ತಾಯಿಯೊಬ್ಬಳು ತನ್ನ ಮಗುವಿಗೆ ಹೆಚ್ಚು ಅಂಕ ಬರಲೆಂದು ಹಾರೈಸಬೇಕೋ ಕಡಿಮೆ ಬರಲೆಂದೋ? ಕಾಸರಗೋಡು ಕನ್ನಡ ನಾಡೆಂದು ನವೆಂಬರ್ ತಿಂಗಳಿನಲ್ಲಿ ಭಾಷಣ ಮಾಡುವ ನಾವು (ನಾನೂ ಮಾಡಿದ್ದೇನೆ, ಮಹಾಜನ ವರದಿಯ ಸಮೇತ) ಪಡ್ರೆಯ ಹೆಸರನ್ನು ಆ ಭಾಷಣದಲ್ಲಿ ಒಮ್ಮೆಯಾದರೂ ಹೇಳಿದ್ದೆವೇ ಎಂದು ನೆನಪಿಸಿಕೊಂಡೆ. ನಾನಂತೂ ಹೇಳಿಲ್ಲ.

ಸ್ವೀಡನ್ನಿನ ವಿದ್ಯಾರ್ಥಿಗೆ ಹೀಗೆ ಬರೆದೆ: ಮಗೂ, ನಿನ್ನ ನೆರೆಯ ಅಜ್ಜಿಗೆ ಪಡ್ರೆಯ ಹೆಸರು ಹೇಳು, ಕೊಕ್ಕಡದ ಹೆಸರು ಹೇಳು. ಎರಡೂ ಒಂದೇ ಎಂದು ಹೇಳಬೇಡ. ನಮ್ಮಲ್ಲಿ ಯಾರೂ ಬಾಂಬು ಹಾಕಲಿಲ್ಲ, ಔಷಧಿ ಎಂದು ಹೇಳಿ ಹಾಕಿದರು ಎನ್ನು. ಉಳಿದದ್ದನ್ನು ಅವರಿಗೆ ವಿವರಿಸುವ ಅಗತ್ಯ ಬೀಳುವುದಿಲ್ಲ.

ಪತ್ರ ಕಳಿಸಿದ ಮೇಲೆ ಮನಸ್ಸು ತಡೆಯದೆ, ಆ ಒಂಬತ್ತನೆಯ ತರಗತಿಯ ಹುಡುಗನ ದೂರವಾಣಿ ಸಂಖ್ಯೆಯನ್ನು ಹುಡುಕಿಸಿ ಮಾತನಾಡಿದೆ. ಈಗ ಅವನಿಗೆ ಐವತ್ತು ದಾಟಿದೆ. ಆಲೂಗಡ್ಡೆ ಬಿಟ್ಟು ಶುಂಠಿ ಹಾಕಿದ್ದಾನೆ. ಅಂದು ಹೊಡೆದದ್ದು ಯಾವ ಔಷಧಿ, ಹೆಸರು ನೆನಪಿದೆಯೇ ಎಂದು ಕೇಳಿದೆ. “ಹೆಸರು ಯಾರಿಗ್ ಗೊತ್ತು ಸಾ, ಅಂಗಡಿಯೋನು ಕೊಟ್ಟ, ನಮ್ಮಪ್ಪ ತಂದ್ರು. ವಾಸನೆ ಮಾತ್ರ ಇವತ್ತಿಗೂ ಮೂಗಲ್ಲೈತೆ” ಎಂದ. ನಾನು ಬೆಂಚಿನ ವಿಷಯ ಎತ್ತಿದೆ. ಅವನಿಗೆ ಅದು ನೆನಪಿತ್ತು. “ಬಿಡಿ ಸಾ, ಅವತ್ತು ನೀವಲ್ದೆ ಇನ್ಯಾರೇ ಆಗಿದ್ರೂ ನಿಲ್ಲಿಸ್ತಿದ್ರು” ಎಂದು ನಕ್ಕು, ಮುಂದಿನ ತಿಂಗಳು ಮಗಳ ಮದುವೆ, ಅರಕಲಗೂಡಿನಲ್ಲೇ ಛತ್ರ, ನೀವು ಬರಲೇಬೇಕು ಎಂದು ಕರೆದ. ಹೋಗುವವನಿದ್ದೇನೆ.